ಕಿವಿಗೆ ಬರೆದ ಸ್ಕ್ರಿಪ್ಟ್

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.40

ನೀರು ಸರಬರಾಜು ಆಫೀಸಿನ ಕಂಪ್ಯೂಟರ್ ಕೋಣೆ. ಇವಳು ಕಿಟಕಿ ಪಕ್ಕ, ನಾನು ಬಾಗಿಲ ಪಕ್ಕ. ಮದುವೆಗೆ ಮುಂಚಿನಿಂದಲೂ ಇದೇ ಜಾಗ. ಗಂಡನಾದ ಮೇಲಾದರೂ ಕಿಟಕಿ ಸಿಗಬಹುದು ಅಂದುಕೊಂಡಿದ್ದೆ... ಸಿಗಲಿಲ್ಲ. ಟ್ಯಾಂಕುಗಳಿಂದ ನೀರಿನ ಮಟ್ಟದ ಫೈಲುಗಳು ಬರತೊಡಗಿವೆ. ನಾವು ಬರೆದ ಸ್ಕ್ರಿಪ್ಟುಗಳು, ಅಂದರೆ ಪುಟ್ಟ ಪ್ರೋಗ್ರಾಮುಗಳು, ಅವನ್ನೆಲ್ಲ ಒಟ್ಟು ಹಾಕಿ, ಎಲ್ಲಿ ಪಂಪ್ ಹಾಕಬೇಕು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ಪಟ್ಟಿ ಮಾಡುತ್ತವೆ. ಏಳೂವರೆಯೊಳಗೆ ಪಟ್ಟಿ ಹೊರಡಬೇಕು. ತಡವಾದರೆ ಫೋನು, ಬೈಗುಳ.

ನನ್ನ ಸ್ಕ್ರಿಪ್ಟ್ ಓಡಿತು. ಶುರುವಾಯಿತು ಎಂದಿತು, ಸಾಲುದ್ದ ಚುಕ್ಕೆ ಇಟ್ಟಿತು, ಮುಗಿಯಿತು ಎಂದು ಹಸಿರು ಬಣ್ಣದಲ್ಲಿ ಕೂಗಿತು. ಇವಳದ್ದೂ ಓಡಿತು. ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲ ಸರಿಯಿದ್ದರೆ ಒಂದು ಮಾತೂ ಆಡಬಾರದು, ತಪ್ಪಾದರೆ ಮಾತ್ರ ಬಾಯಿ ಬಿಡಬೇಕು—ಇವಳ ಪಾಠ ಅದು. ನನ್ನನ್ನು ಡಂಗೂರ ಎನ್ನುತ್ತಾಳೆ. ನಾನು ಮೌನಿ ಎನ್ನುತ್ತೇನೆ. ಆಫೀಸಿನವರಿಗೆಲ್ಲ ಈ ಹೆಸರುಗಳು ಗೊತ್ತು.

ಇವತ್ತು ಡಂಗೂರಕ್ಕೆ ಪೆಟ್ಟು ಬಿತ್ತು. ಪರದೆಯ ಅಕ್ಷರ ಇವಳಿಗೆ ಈಗ ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದಾಳೆ. ಅದು ಓದುತ್ತದೆ, ಇವಳು ಇಯರ್‌ಫೋನಿನಲ್ಲಿ ಕೇಳುತ್ತಾಳೆ. ನನ್ನ ಸ್ಕ್ರಿಪ್ಟ್ ಓಡಿಸಿ ನೋಡಿದಳು. ಇಯರ್‌ಫೋನ್ ಕಿತ್ತು ನನ್ನ ಕಿವಿಗೆ ತುರುಕಿದಳು. "ಡಾಟ್ ಡಾಟ್ ಡಾಟ್ ಡಾಟ್" ... ನಿಲ್ಲುವುದೇ ಇಲ್ಲ.

"ನಿನ್ನ ಹಸಿರು ಬಣ್ಣ ಹೇಗೆ ಕೇಳ್ಸುತ್ತೆ ಗೊತ್ತಾ?" ಎಂದಳು. "ಬ್ರಾಕೆಟ್ ಮೂವತ್ತೆರಡು ಎಂ. ಮುಗಿಯಿತು. ಬ್ರಾಕೆಟ್ ಸೊನ್ನೆ ಎಂ. ಎಷ್ಟು ಚೆನ್ನಾಗಿದೆ ನೋಡು!"

ಬಣ್ಣದ ಸಂಕೇತವನ್ನೂ ಬಿಡದೆ ಓದುತ್ತದೆ ಅದು. ನಕ್ಕೆವು. 

ಫೆಬ್ರವರಿ 5, ಬುಧವಾರ

ಬಣ್ಣಗಳನ್ನೆಲ್ಲ ತೆಗೆದೆ. ಚುಕ್ಕೆಗಳನ್ನೂ. ಬೇಸರವಾಯಿತು, ಸುಳ್ಳೇಕೆ. ಎಷ್ಟು ಆಸೆಯಿಂದ ಹಾಕಿದ್ದೆ.

ಇವಳೂ ಬಿಟ್ಟುಕೊಟ್ಟಳು. ಉದ್ದುದ್ದ ಒಂದೇ ಸಾಲು, ಒಂದರ ಬಾಲಕ್ಕೆ ಇನ್ನೊಂದು ಕಮಾಂಡ್ ಕಟ್ಟಿ ರೈಲು ಬಿಡುವುದು ಇವಳ ಹೆಮ್ಮೆ. ಕಣ್ಣಿಗೆ ಚೆಂದ. ಕಿವಿಗೆ—ಸಾಲು ಮುಗಿಯುವಷ್ಟರಲ್ಲಿ ಆರಂಭ ಮರೆತಿರುತ್ತದೆ. ಈಗ ಒಂದು ಸಾಲಿಗೆ ಒಂದೇ ಬೋಗಿ. ಬಾಣದ ಕೀಲಿ ಒತ್ತಿದರೆ ಒಂದೊಂದಾಗಿ ಕೇಳುತ್ತದೆ.

"ಒಂದು ಫಂಕ್ಷನ್ ಅಂದ್ರೆ ಒಂದು ಉಸಿರಿಗೆ ಕೇಳಿ ಮುಗೀಬೇಕು. ಅದಕ್ಕಿಂತ ದೊಡ್ಡದಿದ್ರೆ ಒಡೆದುಬಿಡು" ಎಂದಳು. ಫಂಕ್ಷನ್ ಎಂದರೆ ಒಂದು ಕೆಲಸಕ್ಕೆ ಒಟ್ಟು ಕಟ್ಟಿದ ಸಾಲುಗಳು. ಹೊಸ ನಿಯಮ. ನನಗೆ ಹಿಡಿಸಿತು. ಹೇಳಲಿಲ್ಲ, ತಲೆ ಮೇಲೆ ಕೂರುತ್ತಾಳೆ.

ಫೆಬ್ರವರಿ 9, ಭಾನುವಾರ. ಸಂಜೆ

ಮಗಳು ಸ್ಕ್ರೀನ್ ರೀಡರಿಗೆ ಗಡಿಬಿಡಿ ಆಂಟಿ ಎಂದು ಹೆಸರಿಟ್ಟಿದ್ದಾಳೆ. ಅಷ್ಟು ಬೇಗ ಬೇಗ ಮಾತಾಡುತ್ತದೆ. ಇವಳು ದಿನದಿನಕ್ಕೂ ಅದರ ವೇಗ ಏರಿಸುತ್ತಲೇ ಇದ್ದಾಳೆ. ನನಗಂತೂ ಈಗ ಒಂದು ಅಕ್ಷರ ತಿಳಿಯದು. ಮಗಳು ಅದೇ ಧಾಟಿಯಲ್ಲಿ ಇಡೀ ದಿನ ಮಾತಾಡಿದಳು. "ಅಮ್ಮ ಕಾಮಾ ನಂಗೆ ಹಸಿವು ಫುಲ್‌ಸ್ಟಾಪ್." ಇವಳು ಬಿದ್ದು ಬಿದ್ದು ನಕ್ಕಳು.

ಸಂಜೆ ಮಹಡಿ ಮೆಟ್ಟಿಲ ಮೇಲೆ ಕೂತಿದ್ದೆವು. ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರು. ಹೋದದ್ದು ಬರುವುದಿಲ್ಲ ಎಂದೂ. ಆ ಮಾತನ್ನು ನಾವು ಮನೆಯಲ್ಲಿ ಎತ್ತುವುದಿಲ್ಲ. ಇವತ್ತು ಇವಳೇ ಎತ್ತಿದಳು.

"ನಿನ್ನ ಮುಖ ನೋಡಿದ್ರೆ ಮುಖ ಇಲ್ಲ. ಕಿವಿ ಎರಡೂ ಕಾಣ್ತವೆ."

"ಹಾಗಾದ್ರೆ ಒಳ್ಳೇದೇ ಆಯ್ತು. ನಂಗೆ ಇರೋದ್ರಲ್ಲಿ ಅವೇ ಚೆಂದ."

"ಪಕ್ಕಕ್ಕೆ ನೋಡಿದ್ರೆ ಮುಖ ಸ್ವಲ್ಪ ಬರುತ್ತೆ. ಅದಕ್ಕೇ ಪಕ್ಕಕ್ಕೆ ನೋಡ್ತೀನಿ. ಮುನಿಸ್ಕೊಂಡಿದ್ದೀನಿ ಅಂತ ತಿಳ್ಕೋಬೇಡ."

ಆಗಾಗ ಮುಖ ತಿರುಗಿಸುತ್ತಿದ್ದಳು. ಮುನಿಸು ಅಂದುಕೊಂಡಿದ್ದೆ. ನನ್ನನ್ನು ನೋಡಲಿಕ್ಕೆ ತಿರುಗಿಸುತ್ತಿದ್ದಳು.

ಫೆಬ್ರವರಿ 12, ಬುಧವಾರ

ಚೀಫ್ ಇಂಜಿನಿಯರ್ ಇಬ್ಬರನ್ನೂ ಕರೆದರು. ಒಳ್ಳೆಯ ಮನುಷ್ಯ, ಆದರೆ ರಗಳೆ ಎಂದರೆ ಆಗದು. ಟೀ ತರಿಸಿದಾಗಲೇ ನನಗೆ ಅನುಮಾನ ಬಂತು.

"ನೋಡಿಮ್ಮಾ, ವಿಚಾರಣೆ ಕೌಂಟರಲ್ಲಿ ಜಾಗ ಇದೆ. ಫೋನ್ ಎತ್ತೋದು, ದೂರು ಕೇಳೋದು. ಸಂಬಳ ಇದೇ. ನಿಮಗೂ ಆರಾಮ."

ಇವಳು ಟೀ ಮುಟ್ಟಲಿಲ್ಲ. "ಆರಾಮ ಬೇಡ ಸರ್. ನನ್ನ ಕೆಲಸ ಬೇಕು."

"ಒಂದು ದಿನ ಒಂದು ಟ್ಯಾಂಕ್ ತಪ್ಪಿಹೋದ್ರೆ ನೂರಾರು ಮನೆ ಒಣಗುತ್ತೆ. ನಾನೇನು ಉತ್ತರ ಕೊಡ್ಲಿ?"

"ನಿಮ್ಮ ಎದುರಿಗೇ ಮಾಡಿ ತೋರಿಸ್ತೀನಿ. ಒಬ್ಬಳೇ."

ಮಾರ್ಚ್ ಹತ್ತರ ಬೆಳಿಗ್ಗೆ ಎಂದು ನಿಗದಿಯಾಯಿತು. ಅವರು ಪಕ್ಕದಲ್ಲಿ ಕೂರುತ್ತಾರೆ. ಪಟ್ಟಿ ಸರಿಯಾಗಿ ಹೊರಟರೆ ಇವಳು ಇಲ್ಲೇ. ಇಲ್ಲದಿದ್ದರೆ ಕೌಂಟರು.

ಕೌಂಟರಿನ ಕೆಲಸ ಕೀಳೇನಲ್ಲ. ಆದರೆ ಈ ಕೋಣೆಯ ಅರ್ಧ ಸ್ಕ್ರಿಪ್ಟುಗಳನ್ನು ಬರೆದವಳು ಇವಳು. ನನಗೂ ಕಲಿಸಿದವಳು ಇವಳೇ. ಇಲ್ಲಿಂದ ಎಬ್ಬಿಸಿದರೆ ಇವಳಲ್ಲಿ ಏನೋ ಒಂದು ಮುರಿಯುತ್ತದೆ, ಅದನ್ನು ಜೋಡಿಸಲು ನನ್ನಿಂದ ಆಗದು. ಹೆದರಿಕೆಯಾಗಿದೆ.

ಫೆಬ್ರವರಿ 18, ಮಂಗಳವಾರ

ಅಭ್ಯಾಸ ಜೋರು. ಜಗಳವೂ.

ಸ್ಕ್ರಿಪ್ಟಿನೊಳಗಿನ ಫೈಲು, ಫಂಕ್ಷನ್ನುಗಳಿಗೆ ಹೆಸರಿಡುವ ವಿಷಯ. ಇವಳಿಗೆ ಪುಟ್ಟ ಹೆಸರುಗಳೇ ಇಷ್ಟ: f, fn, fl. ನನ್ನ ಉದ್ದ ಹೆಸರುಗಳನ್ನು ಕಂಡರೆ ಮದುವೆ ಕಾಗದ ಎಂದು ಆಡಿಕೊಳ್ಳುತ್ತಿದ್ದಳು. ಇವತ್ತು ಗಡಿಬಿಡಿ ಆಂಟಿ ಎಫ್, ಎಫ್ ಎನ್, ಎಫ್ ಎಲ್ ಎಂದು ಒಂದೇ ರಾಗದಲ್ಲಿ ಒದರಿತು. ಯಾವುದು ಯಾವುದೋ. ಇವಳು ಕೀಬೋರ್ಡಿನಿಂದ ಕೈ ತೆಗೆದು ಹಿಂದಕ್ಕೆ ಒರಗಿದಳು.

"ಸರಿ. ಮದುವೆ ಕಾಗದಾನೇ ಇರ್ಲಿ. ಉದ್ದ ಹೆಸರು ಹಾಕು."

"ಏನಂದೆ? ಕೇಳಿಸ್ಲಿಲ್ಲ."

"ಇನ್ನೊಂದ್ಸಲ ಹೇಳಲ್ಲ, ಹೋಗೋ."

ಗೆದ್ದೆ. ಹೀಗೆ ಗೆಲ್ಲಬೇಕೆಂದು ಯಾವತ್ತೂ ಆಸೆಪಟ್ಟಿರಲಿಲ್ಲ.

ಫೆಬ್ರವರಿ 21, ಶುಕ್ರವಾರ

ಕೆಟ್ಟ ದಿನ.

ಮೇಲಿನ ಟ್ಯಾಂಕಿನ ಆಪರೇಟರ್ ಪುಣ್ಯಾತ್ಮ. ಎಲ್ಲರೂ ಹೇಳಿದ ಹೆಸರಿನಲ್ಲಿ ಫೈಲ್ ಕಳಿಸಿದರೆ ಇವನು ಮನಸ್ಸಿಗೆ ಬಂದ ಹೆಸರಿಡುತ್ತಾನೆ. ಇವತ್ತಿನದು: "ಮೇಲಿನ ಟ್ಯಾಂಕ್ ಇವತ್ತಿಂದು ಇದೇ ಸರಿ". ನಡುನಡುವೆ ಜಾಗ ಬಿಟ್ಟು. ಜಾಗ ಬಂದರೆ ಒಂದು ಹೆಸರು ತುಂಡಾಗಿ ಐದಾರು ಹೆಸರಾಗಿಬಿಡುತ್ತದೆ, ಎರಡೂ ಕಡೆ ಕೋಟ್, ಅಂದರೆ ಉದ್ಧರಣ ಚಿಹ್ನೆ, ಹಾಕಿರದಿದ್ದರೆ. ಇವಳು ಎಲ್ಲರ ಕಿವಿ ಹಿಂಡಿ ಕಲಿಸಿದ ಪಾಠವೇ ಅದು: ಬದಲಾಗುವ ಹೆಸರನ್ನು ಬರಿಮೈಯಲ್ಲಿ ಬೀದಿಗೆ ಬಿಡಬೇಡಿ, ಕೋಟ್ ತೊಡಿಸಿ.

ಇವತ್ತು ಇವಳ ಸಾಲಿನಲ್ಲೇ ಕೋಟ್ ಇರಲಿಲ್ಲ. ಆಂಟಿ ಕೋಟ್ ಚಿಹ್ನೆ ಓದುವುದಿಲ್ಲ, ನುಂಗುತ್ತದೆ. ಇವಳ ಸ್ಕ್ರಿಪ್ಟಿನ ತಲೆಯ ಮೇಲೆ ಯಾವಾಗಲೂ set -e ಇರುತ್ತದೆ—ಒಂದು ತಪ್ಪಾದರೂ ಅಲ್ಲೇ ನಿಂತುಬಿಡು ಎಂದು. ನಿಂತಿತು. ಈ ವಾರ ಇದು ಮೂರನೆಯ ಸಲ. ಒಮ್ಮೆ ಫೈಲೇ ಬಂದಿರಲಿಲ್ಲ, ಒಮ್ಮೆ ಖಾಲಿ ಫೈಲು.

ಆಂಟಿಗೆ ಎಲ್ಲ ಚಿಹ್ನೆ ಓದು ಎಂದು ಹೇಳಿ ಕೂತು ಸರಿಮಾಡಿದಳು. ಡಾಲರ್, ಕೋಟ್, ಬ್ರೇಸ್, ಬ್ರೇಸ್, ಕೋಟ್... ತಲೆ ಸಿಡಿಯುತ್ತದೆ ಕೇಳಿದರೆ. ಬಸ್ಸಿನಲ್ಲಿ ಮನೆಗೆ ಬರುವಾಗ ಒಂದೇ ಮಾತು: "ಕೌಂಟರಿಗೇ ಹೋಗ್ತೀನಿ ಬಿಡು."

ಇವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಫೆಬ್ರವರಿ 24, ಸೋಮವಾರ

ಇವಳು ಊಟಕ್ಕೆ ಎದ್ದಾಗ ಒಂದು ಕೆಲಸ ಮಾಡಿದೆ. ಇವಳ ಸ್ಕ್ರಿಪ್ಟಿನಲ್ಲಿ ಟ್ಯಾಂಕಿನ ಫೈಲ್ ಎತ್ತಿಕೊಳ್ಳುವ ಸಾಲುಗಳ ಕೊನೆಗೆ || true, ಎರಡು ನಿಂತ ಗೆರೆ (ಬಾರ್) ಮತ್ತು ಟ್ರೂ, ಸೇರಿಸಿದೆ. ಅಂದರೆ—ತಪ್ಪಾದರೆ ಹೊಟ್ಟೆಗೆ ಹಾಕಿಕೋ, ಸರಿಯಾಯಿತು ಎಂದುಕೊಂಡು ಮುಂದೆ ನಡಿ. ಇನ್ನು ನಿಲ್ಲುವುದಿಲ್ಲ. ಹತ್ತನೇ ತಾರೀಖು ದಾಟುವವರೆಗೆ ಸಾಕು. ಆಮೇಲೆ ನಾನೇ ತೆಗೆಯುತ್ತೇನೆ.

ಮಗಳ ಪರೀಕ್ಷೆಯಲ್ಲಿ ನಾನೇ ಕೂತು ಬರೆದ ಹಾಗಾಯಿತೇ? ಇಲ್ಲ. ಇದು ಬೇರೆ. ಒಬ್ಬ ಆಪರೇಟರನ ಸೋಮಾರಿತನಕ್ಕೆ ಇವಳೇಕೆ ಬೆಲೆ ತೆರಬೇಕು?

ಮಾರ್ಚ್ 2, ಭಾನುವಾರ

ವಾರವಿಡೀ ಸ್ಕ್ರಿಪ್ಟ್ ಒಮ್ಮೆಯೂ ನಿಲ್ಲಲಿಲ್ಲ. ಇವಳು ಮತ್ತೆ ಗುನುಗತೊಡಗಿದ್ದಾಳೆ. ಮಗಳಿಗೆ ಜಡೆ ಹಾಕಿದಳು, ಕಣ್ಣು ಬೇಕಿಲ್ಲ ಇದಕ್ಕೆ ಎಂದು ಜಂಬ ಕೊಚ್ಚಿದಳು. ಬೈತಲೆ ಸೊಟ್ಟಗಿತ್ತು. ಮಗಳು ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ಎಷ್ಟು ದಿನವಾಯಿತು ಇವಳನ್ನು ಹೀಗೆ ನೋಡಿ. ಮನಸ್ಸು ತುಂಬಿತು. ನಡುವೆ ಒಂದು ಮುಳ್ಳು ಚುಚ್ಚುತ್ತಲೂ ಇದೆ, ಬಿಡು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಎಂಟಕ್ಕೆ ಫೋನು. ಮೇಲಿನ ಟ್ಯಾಂಕಿನ ಆಪರೇಟರ್. ಇವಳೇ ಎತ್ತಿದಳು. ಅವನ ಗಂಟಲು ನನ್ನ ಮೇಜಿಗೂ ಕೇಳಿತು.

"ಏನ್ ಮೇಡಂ ಇದು? ನಿನ್ನೆಯಿಂದ ಟ್ಯಾಂಕ್ ಖಾಲಿ ಅಂತ ಬಡ್ಕೋತಾ ಇದ್ದೀನಿ, ಪಂಪ್ ಹಾಕೋ ಪಟ್ಟೀಲಿ ನನ್ನ ಹೆಸರೇ ಇಲ್ಲ! ಜನ ಬಿಂದಿಗೆ ಹಿಡ್ಕೊಂಡು ಗೇಟ್ ಹತ್ರ ನಿಂತವ್ರೆ."

ನನಗೆ ತಕ್ಷಣ ಗೊತ್ತಾಯಿತು. ಅವನ ಫೈಲಿನ ಹೆಸರು ಮತ್ತೆ ಬದಲಾಗಿದೆ. ಹೊಸ ಅಂಕಿ ಬರಲಿಲ್ಲ, ಸ್ಕ್ರಿಪ್ಟ್ ನುಂಗಿಕೊಂಡು ಮುಂದೆ ಹೋಯಿತು, ಮೊನ್ನೆಯ ಅಂಕಿಯೇ ಉಳಿಯಿತು. ಮೊನ್ನೆ ಟ್ಯಾಂಕ್ ತುಂಬಿತ್ತು. ತುಂಬಿದ ಟ್ಯಾಂಕಿಗೆ ಪಂಪ್ ಯಾರು ಹಾಕುತ್ತಾರೆ?

ಇವಳು ಮೊದಲು ಪಂಪ್ ಹಾಕಿಸಿದಳು. ಲಾರಿಯಲ್ಲಿ ನೀರು ಕಳಿಸಲು ಹೇಳಿದಳು. ಆಮೇಲೆ ಕೂತು ಸ್ಕ್ರಿಪ್ಟನ್ನು ಮೊದಲ ಸಾಲಿನಿಂದ ಕೇಳತೊಡಗಿದಳು. ನಾನು ಹೇಳಬೇಕಿತ್ತು.  ಬಾಣದ ಕೀಲಿ ಒಂದೊಂದು ಸಾಲು ಇಳಿಯಿತು. ಒಂದು ಕಡೆ ಬೆರಳು ನಿಂತಿತು. ಮತ್ತೆ ಹಿಂದೆ, ಮತ್ತೆ ಮುಂದೆ. ಇಯರ್‌ಫೋನಿನ ವೈರು ಕಿತ್ತಳು. ಸ್ಪೀಕರಿನಲ್ಲಿ, ನನಗೂ ತಿಳಿಯುವಷ್ಟು ನಿಧಾನ ಮಾಡಿ, ಆಂಟಿ ಓದಿತು:

"ಬಾರ್. ಬಾರ್. ಟ್ರೂ."

ಮುಂದಿನ ಸಾಲು. "ಬಾರ್. ಬಾರ್. ಟ್ರೂ."

ಎಲ್ಲ ಸಾಲನ್ನೂ ಕೇಳಿಸಿದಳು.

"ನಾನು ಇದನ್ನ ಬರೆಯಲ್ಲ. ನೀನು ತಾನೇ?"

"ಹೂಂ."

"ಯಾಕೋ?"

"ನೀನು ಗೆಲ್ಲಲಿ ಅಂತ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನನ್ನ ಕಣ್ಣಿನ ಮೇಲೆ ನಿಂಗೆ ಅನುಮಾನ ಇದ್ರೆ ಇರ್ಲಿ, ನಂಗೂ ಇದೆ. ಕಿವಿಗೆ ಸುಳ್ಳು ಹೇಳ್ಬೇಡ ಕಣೋ. ನಂಗೆ ಉಳಿದಿರೋದು ಅದೊಂದೇ."

ಮಾರ್ಚ್ 7, ಶುಕ್ರವಾರ

ಮಾತಿಲ್ಲ. ಬಸ್ಸಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಮಗಳೂ ಆಂಟಿಯ ಅಣಕ ಮಾಡಲಿಲ್ಲ. ಚೀಫ್ ಹತ್ತಿರ ಹೋಗಿ ನಾನೇ ಹೇಳಿದೆ—ನೀರು ತಪ್ಪಿದ್ದು ನನ್ನಿಂದ, ಇವಳಿಂದಲ್ಲ. ಏನು ಸೇರಿಸಿದೆ, ಯಾಕೆ ಸೇರಿಸಿದೆ, ಎಲ್ಲ. ಪಕ್ಕದಲ್ಲಿ ಕೂತರೆ ನನ್ನ ಕೈ ಸುಮ್ಮನಿರುವುದಿಲ್ಲ ಎಂದೂ. ಕನ್ನಡಕ ತೆಗೆದು ಒರೆಸಿದರು. "ಹೂಂ" ಎಂದರು. ಅಷ್ಟೇ. ಆ ಹೂಂಗೆ ಅರ್ಥ ಏನೋ.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಇವಳೇ ಲ್ಯಾಪ್‌ಟಾಪ್ ತಂದು ಅಡುಗೆಮನೆ ಮೇಜಿನ ಮೇಲಿಟ್ಟಳು. "ಬಾ. ಕೂತ್ಕೋ. ಮುಟ್ಬೇಡ. ಕೇಳು."

ಒಂದೊಂದು || true ಹುಡುಕಿ ತೆಗೆದಳು. ತೆಗೆದಾಗಲೆಲ್ಲ ನನ್ನ ಕಡೆ ತಿರುಗದೆಯೇ ಹುಬ್ಬು ಏರಿಸುತ್ತಿದ್ದಳು. ನಾನು ತಲೆ ತಗ್ಗಿಸಿ ಕೂತಿದ್ದೆ, ಕಾಣುವುದಿಲ್ಲ ಎಂದು ಗೊತ್ತಿದ್ದರೂ.

ಆಮೇಲೆ ಯೋಚಿಸುತ್ತ ಎಂದಳು: "ನಿಂದೂ ಪೂರ್ತಿ ತಪ್ಪಲ್ಲ. ಒಂದು ಟ್ಯಾಂಕ್ ಕೈಕೊಟ್ರೆ ಊರಿನ ಪಟ್ಟೀನೇ ನಿಲ್ಲಿಸೋದು ನನ್ನ ಹಟ. ನುಂಗೋದೂ ಬೇಡ, ನಿಲ್ಲೋದೂ ಬೇಡ. ತಪ್ಪಿದ ಟ್ಯಾಂಕಿನ ಹೆಸರು ಎತ್ತಿಟ್ಕೊಂಡು ಮಿಕ್ಕಿದ್ದನ್ನ ಮುಗಿಸ್ಲಿ. ಹಳೇ ಅಂಕಿ ಮೊದ್ಲೇ ಅಳಿಸಿರ್ಲಿ. ಕೊನೇಗೆ ಯಾರ್ಯಾರು ಬಂದಿಲ್ಲ ಅಂತ ಹೇಳ್ಲಿ, ಪಟ್ಟಿ ಹೊರಡಿಸ್ದೆ ಕಾಯ್ಲಿ. ಅದನ್ನ ಕೇಳಿ ನಾನು ಸರಿಮಾಡ್ತೀನಿ."

"ಹೇಳ್ಲಿ ಅಂದ್ರೆ? ಮೌನಿಯ ಸ್ಕ್ರಿಪ್ಟ್ ಮಾತಾಡುತ್ತಾ?"

"ತಪ್ಪಾದ್ರೆ ಮಾತ್ರ. ಆದ್ರೆ ಆಡಿದ್ರೆ ಪೂರ್ತಿ ಆಡ್ಲಿ. ಎರರ್ ಒಂದು, ಎರರ್ ಎರಡು ಅಂತ ಗೊಣಗೋದು ಬೇಡ. ಆ ವಾಕ್ಯ ನೀನು ಬರಿ. ಮಾತಾಡೋದು ನಿನ್ನ ಕಸುಬಲ್ವಾ."

ಬರೆದೆ. ಮೂರು ಸಲ ತಿದ್ದಿಸಿದಳು, ಉದ್ದ ಆಯಿತು ಎಂದು. ಮಧ್ಯಾಹ್ನವಾದದ್ದೇ ತಿಳಿಯಲಿಲ್ಲ. ಮಗಳು ಬಂದು "ಇಬ್ರೂ ಮಾತಾಡ್ತಿದ್ದೀರಾ ಪ್ರಶ್ನೆಚಿಹ್ನೆ" ಎಂದಳು. ಇವಳು ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಆ ಹೊತ್ತಿಗೆ ನನಗೆ ಅಳು ಬಂತು. ಈರುಳ್ಳಿ ಹೆಚ್ಚಲು ಹೋದೆ.

ಮಾರ್ಚ್ 10, ಸೋಮವಾರ

ಚೀಫ್ ಆರೂವರೆಗೇ ಬಂದು ಇವಳ ಪಕ್ಕ ಕುರ್ಚಿ ಎಳೆದುಕೊಂಡರು. ನನ್ನನ್ನು ಹೊರಗೆ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಸ್ಪೀಕರಿನಲ್ಲೇ ಕೇಳೋಣ ಎಂದರಂತೆ. ಒಂದಕ್ಷರ ಅರ್ಥವಾಗಿರಲಾರದು ಅವರಿಗೆ, ಆ ವೇಗಕ್ಕೆ.

ಓಡಿಸಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆಂಟಿ ಬಡಬಡಿಸಿತು. ನಾನು ಬರೆದ ವಾಕ್ಯವೇ ಇರಬೇಕು, ತಪ್ಪಾದರೆ ತಾನೇ ಅದು ಆಡುವುದು.  ತಪ್ಪಿದ್ದು ಮೇಲಿನ ಟ್ಯಾಂಕೇ, ಇನ್ಯಾವುದು!

"ಏನಾಯ್ತು? ಕೆಟ್ಟೋಯ್ತಾ?" ಚೀಫ್ ಗಾಬರಿ.

"ಇಲ್ಲ ಸರ್. ಮೇಲಿನ ಟ್ಯಾಂಕಿನ ಫೈಲ್ ಖಾಲಿ ಬಂದಿದೆ. ಮಿಕ್ಕಿದ್ದೆಲ್ಲ ಸರಿ." ಫೋನ್ ಎತ್ತಿದ್ದು, ನಂಬರ್ ಒತ್ತಿದ್ದು ಕೇಳಿತು. "ನಮಸ್ಕಾರ, ಮಟ್ಟ ಎಷ್ಟಿದೆ ನೋಡಿ ಹೇಳಿ... ಅಂದಾಜು ಬೇಡ. ಹತ್ತಿ ನೋಡಿ. ನಾನು ಕಾಯ್ತೀನಿ."

ಕಾದಳು. ಚೀಫ್ ಕಾಲು ಕುಣಿಸುವ ಸದ್ದು. ನಾನು ಎದ್ದೆ, ಕೂತೆ. ಒಳಗೆ ಹೋಗಿ ಒಂದೇ ಒಂದು ಸಲ ಪರದೆ ನೋಡಿ ಬರಲೇ ಅನ್ನಿಸಿತು. ಹೋಗಲಿಲ್ಲ. ಇಷ್ಟು ಕಷ್ಟಪಟ್ಟು ಯಾವತ್ತೂ ಸುಮ್ಮನೆ ಕೂತವನಲ್ಲ ನಾನು.

ಅಂಕಿ ಬಂತು. ಒತ್ತಿದಳು. ಮತ್ತೆ ಓಡಿಸಿದಳು. ನಿಶ್ಶಬ್ದ.

"ಏನೂ ಹೇಳ್ಲಿಲ್ವಲ್ಲಮ್ಮಾ?"

"ಹೇಳೋದಕ್ಕೆ ಏನೂ ಇಲ್ಲ ಸರ್. ಪಟ್ಟಿ ಹೋಯ್ತು."

ಏಳೂವರೆಗೆ ಇನ್ನೂ ಸಮಯವಿತ್ತು.

ಮಾರ್ಚ್ 12, ಬುಧವಾರ

ಇವಳು ಇಲ್ಲೇ. ಕಿಟಕಿ ಪಕ್ಕ. ಆದೇಶ ಬಂತು.

ನನಗೂ ಬಂತು. ಚೀಫ್ ಮೆಲ್ಲಗೆ ಹೇಳಿದರು: "ಇಲ್ಲಿ ಒಬ್ಬರು ಸಾಕು ಅಂತ ಅವರೇ ತೋರಿಸಿದ್ರಲ್ಲ. ಮೇಲಿನ ಟ್ಯಾಂಕಲ್ಲಿ ಕಂಪ್ಯೂಟರ್ ಗೊತ್ತಿರೋರು ಇಲ್ಲ. ಫೈಲ್ ನೀವು ಕಳಿಸಿ. ಪಕ್ಕದಲ್ಲಿ ಕೂತ್ರೆ ನಿಮ್ಮ ಕೈ ಸುಮ್ನಿರಲ್ಲ ಅಂತ ನೀವೇ ಹೇಳಿದ್ರಿ."

ಸರಿಯಾದ ಮಾತು. ಖುಷಿಯಾಗಬೇಕು. ಆಗಿದೆ. ಆದರೂ ನನ್ನ ಕುರ್ಚಿ ಬಿಟ್ಟು ಏಳಲು ಮನಸ್ಸಿಲ್ಲ. ಇವಳು ನನ್ನನ್ನು ಹುಡುಕಿ ನೋಡಿದಳು, ಆ ಪಕ್ಕದ ನೋಟದಲ್ಲಿ. "ಹೋಗಿ ಬಾ. ನಂಗೆ ಭಯ ಇಲ್ಲ" ಎಂದಳು. ನನಗಿದೆ ಎಂದೆ. "ಗೊತ್ತು" ಎಂದಳು.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 7.05, ಮೇಲಿನ ಟ್ಯಾಂಕ್

ಮೊದಲ ದಿನ. ಪಂಪಿನ ಮನೆ ಪಕ್ಕ ಪುಟ್ಟ ಕೋಣೆ, ಒಂದು ಮೇಜು, ಒಂದು ಸ್ಟೂಲು. ಕೊನೆಗೂ ಕಿಟಕಿ ಸಿಕ್ಕಿತು! ಆಪರೇಟರ್ ನಾನಂದುಕೊಂಡಷ್ಟು ಕೆಟ್ಟವನಲ್ಲ, ಟೀ ಕೊಟ್ಟ. ಮಟ್ಟ ನೋಡಿಕೊಂಡು ಬಂದಿದ್ದೇನೆ, ಮೇಲೆ ಹತ್ತಿ. ಇಡೀ ಊರು ಕಾಣುತ್ತದೆ. ಇವಳ ಆಫೀಸಿನ ಚಾವಣಿಯೂ. ಈಗ ಅಲ್ಲಿ ಒಬ್ಬಳೇ ಕೂತಿರುತ್ತಾಳೆ, ಇಯರ್‌ಫೋನ್ ಹಾಕಿಕೊಂಡು. ನನ್ನ ಖಾಲಿ ಕುರ್ಚಿ... ಅದನ್ನು ಯಾರಾದರೂ ಎತ್ತಿಕೊಂಡು ಹೋಗಿರಬಹುದು. ನೀರು ಕುಡಿದಳೋ ಇಲ್ಲವೋ. ಬಸ್ ಇಳಿಯುವಾಗ ಆ ಮುರಿದ ಕಲ್ಲಿಗೆ ಎಡವಿದಳೋ ಏನೋ—

ಫೋನು.

ಇವಳೇ. ಆಫೀಸ್ ದನಿ. "ಮೇಲಿನ ಟ್ಯಾಂಕಾ? ನಿಮ್ಮ ರೀಡಿಂಗ್ ಬಂದಿಲ್ಲ ಸರ್. ಬೇರೆಯವರದ್ದೆಲ್ಲ ಬಂದಾಯ್ತು. ಏನ್ ಮಾಡ್ತಿದ್ದೀರಿ ಅಲ್ಲಿ?"

ಕಳಿಸಿಯೇ ಇಲ್ಲ! ಅಂಕಿ ಕೈಯಲ್ಲಿಟ್ಟುಕೊಂಡು ಇಲ್ಲಿ ಬರೆಯುತ್ತ ಕೂತಿದ್ದೇನೆ. ಏನು ಹೇಳಲಿ, ನಿನ್ನ ಬಗ್ಗೆಯೇ ಬರೆಯುತ್ತಿದ್ದೆ ಎಂದೇ?  "ಈಗ ಕಳಿಸ್ತೀನಿ ಮೇಡಂ" ಎಂದೆ.  ಆ ಕಡೆ ದನಿ ತಗ್ಗಿತು. "ತಿಂಡಿ ತಿಂದ್ಯೇನೋ?" ಉತ್ತರ ಕೊಡುವ ಮೊದಲೇ ಮತ್ತೆ ಆಫೀಸ್ ದನಿ: "ಬೇಗ ಕಳಿಸಿ. ಊರು ಕಾಯ್ತಿದೆ."

ಎಂಥ ಗಟ್ಟಿ ದನಿ. ಫೈಲಿನ ಹೆಸರಿನ ನಡುವೆ ಜಾಗ ಬಿಡಬಾರದು. ಮೊದಲು ಅದನ್ನು ಕಳಿಸುತ್ತೇನೆ.